ಅತ್ತೆ ಈಗ ಇಲ್ಲ

ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಬಸ್ಸುಗಳು ಬರುವುದು ಹೋಗುವುದನ್ನು ಸಾರುವ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಅದು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಉಳಿದ ದಿನಗಳಲ್ಲಿ ಊರಿಗೆಲ್ಲ ಆತ ಮೈಕಣ್ಣ.

ಮೈಕಣ್ಣನ ಗಂಟಲು ಚೆನ್ನಾಗಿತ್ತು, ಅದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ದುಃಖ ಒಂದೇ. ಇಷ್ಟು ವರ್ಷಗಳ ನೌಕರಿಯಲ್ಲಿ ಒಬ್ಬನೇ ಒಬ್ಬ ಮನುಷ್ಯ ಅವನ ಮಾತನ್ನು ಕೊನೆಯವರೆಗೆ ಕೇಳಿರಲಿಲ್ಲ. "ಪ್ರಯಾಣಿಕರ ಗಮನಕ್ಕೆ" ಎನ್ನುತ್ತಲೇ ಪ್ರಯಾಣಿಕರ ಗಮನ ತಮ್ಮ ಚೀಲಗಳ ಕಡೆ ಹೋಗುತ್ತಿತ್ತು. ಬಸ್ಸು ನಿಲ್ಲುವ ಜಾಗ ಹೇಳಿದ ಕೂಡಲೇ ಎದ್ದು ಓಡುತ್ತಿದ್ದರು. ಮೇಲಿನವರು ಹೇಳದಿದ್ದರೂ ಆತ ಪ್ರತಿ ಪ್ರಕಟಣೆಯ ಕೊನೆಗೆ ತನ್ನದೇ ಒಂದು ಸಾಲು ಸೇರಿಸುತ್ತಿದ್ದ: "ಹೋಗಿ ಬನ್ನಿ, ನಿಮ್ಮ ಪ್ರಯಾಣ ಸುಖವಾಗಿರಲಿ." ಆ ಸಾಲಿಗೆ ಸರಿಯಾಗಿ ಡ್ರೈವರು ಎಂಜಿನ್ ಚಾಲೂ ಮಾಡುತ್ತಿದ್ದ. ಸುಖಪ್ರಯಾಣವೆಲ್ಲ ಹೊಗೆಯ ಪಾಲಾಗುತ್ತಿತ್ತು.

ಮನೆಯಲ್ಲೂ ಅದೇ ಕಥೆ. ನಿಲ್ದಾಣದ ಹಿಂಗೋಡೆಗೆ ಅಂಟಿದಂತಿದ್ದ ಆ ಮನೆಯಲ್ಲಿ ಹೆಂಡತಿ ಇದ್ದಳು, ಹೆಂಡತಿಯ ತಾಯಿ ಇದ್ದರು. ಅತ್ತೆಗೆ ಬುದ್ಧಿ ಹೇಳುವ ಅಭ್ಯಾಸ, ಅಳಿಯನಿಗೆ ಅದನ್ನು ಕೇಳದೆ ಇರುವ ಅಭ್ಯಾಸ. ಇಬ್ಬರೂ ತಮ್ಮ ತಮ್ಮ ಅಭ್ಯಾಸ ಬಿಡದೆ ಸೌಹಾರ್ದದಿಂದ ಬಾಳುತ್ತಿದ್ದರು. ಈಚೆಗೆ ಹೆಂಡತಿಯ ತಂಗಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳೆಂದು ತಾಯಿ ಮಗಳು ಇಬ್ಬರೂ ಅವಳ ಊರಿಗೆ ಹೋಗಿದ್ದರು. ಮೈಕಣ್ಣನೇ ಬಸ್ಸು ಹತ್ತಿಸಿ ಬಂದಿದ್ದ.

ಹೀಗಿರುವಾಗ ಒಂದು ಸಂಜೆ ಹೆಂಡತಿಯ ಪುಸ್ತಕ ವಾಪಸ್ಸು ಕೊಡಲು ಲೈಬ್ರರಿಗೆ ಹೋದವನ ಕಣ್ಣಿಗೆ ಒಂದು ಬೋರ್ಡು ಬಿತ್ತು. "ಮರೆಯಾದ ಮಹಿಳೆಯರು. ಜೀವಂತ ಕಥನ. ಬನ್ನಿ, ಕುಳಿತು ಕೇಳಿ." ಮರೆಯಾದ ಮಹಿಳೆಯರ ಮೇಲೆ ಅವನ ಕಣ್ಣು ಓಡಿಹೋಯಿತು. ನಿಂತದ್ದು 'ಕುಳಿತು ಕೇಳಿ'ಯ ಮೇಲೆ. ಮೈಕಿರುತ್ತದೆ, ಜನರಿರುತ್ತಾರೆ, ಜನರು ಕೂತಿರುತ್ತಾರೆ, ಹೊರಡುವುದಕ್ಕೆ ಬಸ್ಸೇ ಇರುವುದಿಲ್ಲ. ಇದಕ್ಕಿಂತ ಹೆಚ್ಚಿನದನ್ನು ಅವನು ಜೀವನದಲ್ಲಿ ಬೇಡಿರಲಿಲ್ಲ.

ಲೈಬ್ರರಿ ಮೇಡಂ ವಿವರಿಸಿದರು. ಚರಿತ್ರೆಯಲ್ಲಿ ಬರೀ ರಾಜರು, ದಂಡನಾಯಕರು ತುಂಬಿಕೊಂಡಿದ್ದಾರೆ. ಇದೇ ಊರಿನಲ್ಲಿ ದುಡಿದು, ಊರನ್ನು ಕಾಪಾಡಿ, ಹೇಳಹೆಸರಿಲ್ಲದೆ ಹೋದ ಹೆಂಗಸರಿದ್ದಾರೆ. ಒಬ್ಬೊಬ್ಬರು ಎದ್ದು ನಿಂತು, ಕಾಗದ ನೋಡದೆ, ಅಂಥ ಒಬ್ಬಳ ಕಥೆ ಹೇಳಬೇಕು. ರಾಣಿಯರು ಬೇಡ. ಮೈಕಣ್ಣ ತಾನು ಹೇಳುತ್ತೇನೆ ಅಂದ. ಯಾರ ಕಥೆ ಎಂದು ಮೇಡಂ ಕೇಳಿದಾಗ ಅವನ ತಲೆಯಲ್ಲಿ ಹೆಂಡತಿಯನ್ನು ಬಿಟ್ಟರೆ ಇದ್ದದ್ದು ಒಬ್ಬರೇ ಹೆಂಗಸು. ನಮ್ಮತ್ತೆ ಅಂದುಬಿಟ್ಟ. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನ್ ಕೊಡುವ ಕೆಲಸದಲ್ಲಿದ್ದರು, ಹೊಳೆ ಉಕ್ಕಿ ಬಂದಾಗ ಏನೋ ದೊಡ್ಡ ಸಾಹಸ ಮಾಡಿದ್ದರು ಅಂದ. ಆ ಸಾಹಸ ಏನೆಂಬುದು ಅವನಿಗೂ ಗೊತ್ತಿರಲಿಲ್ಲ. ಅತ್ತೆ ಊಟದ ಹೊತ್ತಿನಲ್ಲಿ ಆ ಕಥೆ ಶುರು ಮಾಡಿದಾಗಲೆಲ್ಲ ಅವನು ಕೈತೊಳೆಯಲು ಎದ್ದಿದ್ದ.

ಮೇಡಂಗೆ ಬಹಳ ಸಂತೋಷವಾಯಿತು. "ಅವರು ಈಗ..." ಎಂದು ಸಂಕೋಚದಿಂದ ಮಾತು ಅಲ್ಲಿಗೇ ಬಿಟ್ಟರು.

"ಈಗ ಇಲ್ಲ ಮೇಡಂ. ಹೋಗಿ ಎರಡು ವಾರ ಆಯ್ತು."

"ನಮಗೆ ಗೊತ್ತೇ ಆಗ್ಲಿಲ್ಲ. ಹುಷಾರಿರಲಿಲ್ವಾ?"

"ಹುಷಾರಾಗೇ ಇದ್ರು. ಊಟ ಮಾಡಿದ್ರು, ತಟ್ಟೆ ತೊಳೆದಿಟ್ರು, ಹೊರಟೇಬಿಟ್ರು."

"ನೀವು ಹತ್ತಿರ ಇದ್ರಾ?"

"ನಾನೇ ಮುಂದೆ ನಿಂತು ಕಳಿಸಿಕೊಟ್ಟೆ. ಕೊನೇ ಗಳಿಗೆವರೆಗೂ ನನಗೆ ಬುದ್ಧಿ ಹೇಳ್ತಾನೇ ಇದ್ರು."

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮನೆಯವರು ಹೇಗಿದ್ದಾರೆ ಎಂದು ಕೇಳಿದರು. ಹೆಂಡತಿ ತಂಗಿಯ ಮನೆಯಲ್ಲಿದ್ದಾಳೆ, ನಿಜ ಹೇಳಬೇಕೆಂದರೆ ಮನೆ ಈಗ ಬಹಳ ನೆಮ್ಮದಿಯಾಗಿದೆ ಎಂದು ಮೈಕಣ್ಣ ಹೇಳಿದ. ದುಃಖ ಅತಿಯಾದರೆ ಮನುಷ್ಯ ಹೀಗೆಲ್ಲ ಮಾತಾಡುತ್ತಾನೆ ಎಂಬುದನ್ನು ಮೇಡಂ ಓದಿ ತಿಳಿದಿದ್ದರು. ಅತ್ತೆಯದೊಂದು ಫೋಟೋ ತಂದುಕೊಡಿ ಅಂದರು. ಇವನು ಮರುದಿನವೇ ತಂದುಕೊಟ್ಟ.

ಪೋಸ್ಟರು ಬಂದು ಅಂಟಿದ್ದು ಅವನದೇ ಬಸ್ ನಿಲ್ದಾಣದ ಗೋಡೆಗೆ. ಪ್ರಕಟಣೆ ಮಾಡುತ್ತ ಮಾಡುತ್ತ ಕಿಟಕಿಯಾಚೆ ನೋಡಿದವನಿಗೆ ಅತ್ತೆ ಕಂಡರು. ಸುತ್ತ ಕಪ್ಪು ಅಂಚು. ಕೆಳಗೆ ದಪ್ಪ ಅಕ್ಷರದಲ್ಲಿ "ಇತ್ತೀಚೆಗೆ ನಮ್ಮನ್ನು ಅಗಲಿದ" ಎಂದಿತ್ತು. ಮೈಕಣ್ಣ ಬೆಚ್ಚಿಬಿದ್ದ. ಆ ಗಳಿಗೆಯಲ್ಲಿ ಅವನ ಬಾಯಿಂದ ಹೊರಟ ಪ್ರಕಟಣೆಯನ್ನು ನಂಬಿ ಪೂರ್ವದ ಕಡೆ ಹೋಗಬೇಕಾದ ಒಂದಿಡೀ ಸಂಸಾರ ಪಶ್ಚಿಮದ ಬಸ್ಸು ಹತ್ತಿಬಿಟ್ಟಿತು.

ಅಷ್ಟರಲ್ಲಿ ನಿಲ್ದಾಣದ ಮ್ಯಾನೇಜರು ಒಳಗೆ ಬಂದರು. ಯಾವಾಗಲೂ ಕದ ಒದ್ದು ಬರುವ ಮನುಷ್ಯ ಅಂದು ಮೆಲ್ಲಗೆ ನೂಕಿಕೊಂಡು ಬಂದು, ಮೈಕು ಆರಿಸಿ, ಇವನ ಹೆಗಲ ಮೇಲೆ ಕೈಯಿಟ್ಟರು.

"ಸಾರ್, ನಮ್ಮತ್ತೆ ಸತ್ತಿಲ್ಲ" ಅಂದ ಮೈಕಣ್ಣ.

"ಅಂಥವರು ಸಾಯೋದಿಲ್ಲಪ್ಪ. ನಮ್ಮ ನೆನಪಲ್ಲಿ ಇದ್ದೇ ಇರ್ತಾರೆ."

"ಹಾಗಲ್ಲ ಸಾರ್. ನಿಜವಾಗ್ಲೂ ಬದುಕಿದ್ದಾರೆ."

"ಆ ನಂಬಿಕೆ ಬಿಡಬೇಡ" ಎಂದು ಮ್ಯಾನೇಜರು ಗದ್ಗದಿತರಾಗಿ, ಕೇಳದೆಯೇ ರಜೆ ಕೊಟ್ಟು, ಪಶ್ಚಿಮಕ್ಕೆ ಹೋದ ಸಂಸಾರದ ವಿಷಯ ಎತ್ತದೆ ಹೊರಗೆ ಹೋದರು.

ಮೈಕಣ್ಣ ಲೈಬ್ರರಿಗೆ ಓಡಿದ. ಸತ್ಯವನ್ನು ಒಂದೇ ಉಸಿರಿಗೆ ಹೇಳಿಬಿಡಬೇಕೆಂದೇ ಓಡಿದ್ದ, ಅದರಲ್ಲಿ ಸಂಶಯ ಬೇಡ. ಆದರೆ ಅವನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮೇಡಂ ತಮ್ಮ ಗೋಳು ಹೇಳಿಕೊಂಡರು. ಟೈಪಿಂಗ್ ಕಲಿಸುವವರು ಒಬ್ಬ ಸೂಲಗಿತ್ತಿಯ ಕಥೆ ಹೇಳಬೇಕಿತ್ತಂತೆ. ನೋಡಿದರೆ ಆ ಸೂಲಗಿತ್ತಿ ಬದುಕಿದ್ದಾಳಂತೆ. ಕಾರ್ಯಕ್ರಮದ ಸಮಿತಿಯ ಅಧ್ಯಕ್ಷರು ಆ ಕಥೆಯನ್ನೇ ಹೊಡೆದುಹಾಕಿದರಂತೆ. ಹೋದ ಸಲ ಒಬ್ಬರು ಬದುಕಿರುವ ಹೆಂಗಸನ್ನು ಹೊಗಳಿದಾಗ ಅವಳ ನಾದಿನಿ ವೇದಿಕೆ ಹತ್ತಿ, ಇದೆಲ್ಲ ಸುಳ್ಳು ಎಂದು ಮೈಕು ಕಿತ್ತುಕೊಂಡಿದ್ದಳು. ಅಂದಿನಿಂದ ಬದುಕಿರುವವರಿಗೆ ಚರಿತ್ರೆಯಲ್ಲಿ ಜಾಗವಿಲ್ಲ ಎಂಬುದು ನಿಯಮ. ಟೈಪಿಂಗಿನವರ ಸಮಯವೂ ನಿಮಗೇ, ನಿಮ್ಮದೇ ಕೊನೆಯ ಕಥೆ, ನಿಮ್ಮದೇ ದೊಡ್ಡ ಕಥೆ ಎಂದರು ಮೇಡಂ.

"ನೀವೇನೋ ಹೇಳೋಕೆ ಬಂದ್ರಿ?"

ಮೈಕಣ್ಣ ಉಗುಳು ನುಂಗಿದ. ಅದರ ಜೊತೆ ಸತ್ಯವೂ ಇಳಿದುಹೋಯಿತು. "ಕುರ್ಚಿ ಸಾಕಾಗ್ತವಾ ಅಂತ ಕೇಳೋಕೆ ಬಂದೆ."

ಮನೆಗೆ ಬಂದರೆ ಬಾಗಿಲಲ್ಲಿ ಎದುರುಮನೆಯ ಟೈಲರಕ್ಕ ಕಣ್ಣೀರು ಸುರಿಸುತ್ತ ನಿಂತಿದ್ದಳು. ಬಟ್ಟೆ ಒಣಹಾಕುವ ಹಗ್ಗದ ವಿಷಯಕ್ಕೆ ಅವಳಿಗೂ ಅತ್ತೆಗೂ ಮಾತು ನಿಂತು ಬಹಳ ಕಾಲವಾಗಿತ್ತು. ಅಂಥವರು ಹುಟ್ಟುವುದು ಅಪರೂಪ ಎಂದಳು. ಹಗ್ಗ ನನ್ನದಾಗಿರಲಿಲ್ಲ, ಅವರದೇ ಆಗಿತ್ತು ಎಂದು ಬಿಕ್ಕಿದಳು. ಆ ಹಗ್ಗಕ್ಕಾಗಿ ಅತ್ತೆ ಪಟ್ಟ ಪಾಡು ನೆನೆದು ಮೈಕಣ್ಣನಿಗೆ, ಈ ಮಾತು ಕೇಳಲು ಅವರು ಇರಬೇಕಿತ್ತು ಅನ್ನಿಸಿತು. ಅನ್ನಿಸಿದ್ದನ್ನು ಬಾಯಿಬಿಟ್ಟು ಅಂದೂಬಿಟ್ಟ. ಟೈಲರಕ್ಕ ಮತ್ತೂ ಜೋರಾಗಿ ಅತ್ತಳು.

ಅವಳ ಹಿಂದೆಯೇ ಪುರಸಭೆಯ ಗುಮಾಸ್ತರು ಬಂದರು. ಮತದಾರರ ಪಟ್ಟಿಯಿಂದ ಅತ್ತೆಯ ಹೆಸರು ತೆಗೆಯಬೇಕಿತ್ತು. ಊರಿನವರು ಹೆಸರು ಸೇರಿಸಲು ವರ್ಷಗಟ್ಟಲೆ ಅಲೆದರೂ ಸಿಗದ ಮನುಷ್ಯ ಹೆಸರು ತೆಗೆಯಲು ತಾನಾಗಿ ಮನೆಗೆ ಬಂದಿದ್ದರು.

"ಬೇಡ ಸಾರ್, ಇರ್ಲಿ ಬಿಡಿ" ಎಂದು ಮೈಕಣ್ಣ ಗಾಬರಿಯಾದ.

ಗುಮಾಸ್ತರ ಹುಬ್ಬು ಮೇಲೇರಿತು. "ಯಾಕೆ? ಅವರ ಓಟು ನೀವು ಹಾಕೋ ಯೋಚನೇನಾ?"

ಟೈಲರಕ್ಕ ಮಧ್ಯೆ ಬಂದು, ಹೆಸರಾದರೂ ಇರಲಿ ಅಂತ ಅಳಿಯ ಗೋಗರೆಯುತ್ತಿದ್ದಾನೆ, ನಿಮಗೆ ಕರುಳಿಲ್ಲವೇ ಎಂದು ಗುಮಾಸ್ತರನ್ನು ತರಾಟೆಗೆ ತೆಗೆದುಕೊಂಡಳು. ಗುಮಾಸ್ತರು ಕಣ್ಣೊರೆಸಿಕೊಂಡು ಕೂತರು. ಕೂತವರು, ಅತ್ತೆ ಹೊಳೆ ಬಂದಾಗ ಏನು ಮಾಡಿದರು, ಸ್ವಲ್ಪ ಹೇಳಿ ಎಂದರು.

ಎದುರಿಗೆ ಇಬ್ಬರು ಮನುಷ್ಯರು. ಇಬ್ಬರೂ ಕೂತಿದ್ದಾರೆ. ಇಬ್ಬರ ಕಣ್ಣೂ ತನ್ನ ಮೇಲೆಯೇ ಇದೆ. ಆಮೇಲೆ ನಡೆದದ್ದಕ್ಕೆ ಮೈಕಣ್ಣನನ್ನು ಪೂರ್ತಿ ದೂರುವಂತಿಲ್ಲ. ಮೊದಲ ಸಲ ಹೇಳಿದಾಗ ಅತ್ತೆ ಕುತ್ತಿಗೆಮಟ್ಟದ ನೀರಿನಲ್ಲಿ ನಿಂತು ಲೈನ್ ಕೊಟ್ಟರು. ಮೀಟರು ಓದಲು ಬಂದವನಿಗೆ ಹೇಳುವಾಗ ಎಕ್ಸ್‌ಚೇಂಜಿನ ಗೋಡೆ ಬಿತ್ತು, ಅತ್ತೆ ಈಜಿದರು. ಹಾಲಿನವನಿಗೆ ಹೇಳುವ ಹೊತ್ತಿಗೆ ಟೆಲಿಫೋನ್ ತಂತಿ ತುಂಡಾಯಿತು. ಅತ್ತೆ ಎರಡೂ ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ನಿಂತರು, ಊರಿನ ಮಾತೆಲ್ಲ ಅವರ ಮೈಮೂಲಕ ಹರಿಯಿತು. ಹಾಲಿನವನು ಕ್ಯಾನು ಅಲ್ಲೇ ಮರೆತುಹೋದ.

ಸಂಜೆ ಹೆಂಡತಿ ಫೋನ್ ಮಾಡಿದಳು. ಅಮ್ಮನಿಗೆ ಇಲ್ಲಿ ಇರಲು ಮನಸ್ಸಿಲ್ಲ, ತಂಗಿಯ ಗಂಡನಿಗೂ ಬುದ್ಧಿ ಹೇಳಿ ಹೇಳಿ ಆತ ಮನೆಗೆ ಬರುವುದನ್ನೇ ಕಡಿಮೆ ಮಾಡಿದ್ದಾನೆ ಎಂದಳು. ಆಮೇಲೆ ಅಮ್ಮ ಕೇಳುತ್ತಿದ್ದಾರೆ, ನಿಮ್ಮ ಗಂಟಲು ಸರಿಯಾಗಿದೆಯಾ ಅಂತ, ಎಂದಳು. ಇದೇನೋ ಹೊಸ ಕೊಂಕು ಎಂದುಕೊಂಡ ಮೈಕಣ್ಣ, ಊರಿನಲ್ಲಿ ವಿಶೇಷ ಏನಿಲ್ಲ, ನೀವು ನಿಧಾನವಾಗಿ ಬನ್ನಿ, ಅವಸರವೇ ಇಲ್ಲ ಎಂದು ಒತ್ತಿ ಒತ್ತಿ ಹೇಳಿದ. ಮದುವೆಯಾದಂದಿನಿಂದ ಗಂಡ ಇಷ್ಟು ಧಾರಾಳವಾಗಿ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಫೋನಿಟ್ಟವಳೇ ಬಟ್ಟೆ ಜೋಡಿಸತೊಡಗಿದಳು.

ಕಾರ್ಯಕ್ರಮದ ದಿನ ಲೈಬ್ರರಿಯ ಸಭಾಂಗಣ ತುಂಬಿ ಹೋಗಿತ್ತು. ಮೈಕಣ್ಣನಿಗೆ ರಜೆ ಕೊಟ್ಟಿದ್ದ ಮ್ಯಾನೇಜರು ಮುಂದಿನ ಸಾಲಿನಲ್ಲಿದ್ದರು. ಪಕ್ಕದಲ್ಲಿ ಗುಮಾಸ್ತರು, ಅವರ ಪಕ್ಕ ಟೈಲರಕ್ಕ. ವೇದಿಕೆಯ ಮೇಲೆ ಸಮಿತಿಯ ಅಧ್ಯಕ್ಷರು ಕೂತಿದ್ದರು. ಇವರು ನಿವೃತ್ತ ಹೆಡ್‌ಮಾಸ್ತರರು. ಹಿಂದೆ ಹೊಳೆ ಉಕ್ಕಿದಾಗ ಗಾಳಿಯ ವಾಸನೆಯಿಂದಲೇ ಪ್ರವಾಹ ಬರುವುದನ್ನು ತಿಳಿದು ತಮ್ಮ ಬೀದಿಯನ್ನೆಲ್ಲ ಎಬ್ಬಿಸಿ ಉಳಿಸಿದವರು ಎಂದು ಊರಿನಲ್ಲಿ ಇವರಿಗೆ ಹೆಸರಿತ್ತು. ಆ ವಾಸನೆಯ ಮೇಲೆ ಅವರು ಮಾಡಿದ ಭಾಷಣಗಳಿಗೆ ಲೆಕ್ಕವಿರಲಿಲ್ಲ. ಮೂಲೆಯ ಮೇಜಿನ ಮೇಲೆ ಅತ್ತೆಯ ಫೋಟೋ ಇತ್ತು, ಅದರ ಮುಂದೆ ಹೂವಿತ್ತು.

ಗಿರಣಿಯಲ್ಲಿ ಕೂಲಿ ಹೆಚ್ಚಿಸಲು ಮೊದಲು ಮಗ್ಗ ನಿಲ್ಲಿಸಿದವಳ ಕಥೆಯನ್ನು ಒಬ್ಬರು ಹೇಳಿದರು. ಜ್ವರ ಹಬ್ಬಿದಾಗ ಊರಿನ ಬಾವಿಗಳಿಗೆ ಬೀಗ ಜಡಿದ ದಾದಿಯ ಕಥೆಯನ್ನು ಇನ್ನೊಬ್ಬರು ಹೇಳಿದರು. ಜನ ಉಸಿರು ಬಿಗಿಹಿಡಿದು ಕೇಳಿದರು. ಕೊನೆಗೆ ಮೈಕಣ್ಣ ಎದ್ದ.

ಅವನು ಹೇಳಿದ. ನೀರು ಬಂತು, ಗೋಡೆ ಬಿತ್ತು, ಅತ್ತೆ ಈಜಿದರು, ತಂತಿ ಹಿಡಿದರು. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಆ ಮೌನದ ರುಚಿ ಹತ್ತಿದ ಮೇಲೆ ನಿಲ್ಲಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಅಂದು ಮೈಯಲ್ಲಿ ಹರಿದ ವಿದ್ಯುತ್ತೇ ಇಷ್ಟು ವರ್ಷ ಒಳಗೊಳಗೇ ಸುಟ್ಟು, ಈಗ ಅವರನ್ನು ಕೊಂಡೊಯ್ದಿತು ಎಂದುಬಿಟ್ಟ. ಟೈಲರಕ್ಕ ಹೋ ಎಂದು ಅತ್ತಳು. ಅಧ್ಯಕ್ಷರು ಎದ್ದು, ಎಲ್ಲರೂ ಎರಡು ನಿಮಿಷ ಮೌನ ಆಚರಿಸೋಣ ಎಂದರು. ಸಭೆ ಎದ್ದು ತಲೆ ತಗ್ಗಿಸಿತು.

ಸರಿಯಾಗಿ ಆಗ ಹಿಂದಿನ ಬಾಗಿಲಿನಿಂದ ಕೈಚೀಲ ಹಿಡಿದ ಇಬ್ಬರು ಹೆಂಗಸರು ಒಳಗೆ ಬಂದರು. ಎಲ್ಲರೂ ನಿಂತಿರುವುದನ್ನು ಕಂಡು ಹಿರಿಯಾಕೆ ಚೀಲ ಕೆಳಗಿಟ್ಟು, ಮರ್ಯಾದೆಯಿಂದ ತಾವೂ ತಲೆ ತಗ್ಗಿಸಿದರು. ಸ್ವಲ್ಪ ಹೊತ್ತಾದ ಮೇಲೆ ಪಕ್ಕದಲ್ಲಿದ್ದ ಹಾಲಿನವನನ್ನು ಪಿಸುಮಾತಿನಲ್ಲಿ ಕೇಳಿದರು.

"ಯಾರಪ್ಪ ಹೋದದ್ದು?"

"ಟೆಲಿಫೋನ್ ಅಮ್ಮ" ಎಂದ ಹಾಲಿನವನು, ಕಣ್ಣು ಮುಚ್ಚಿಕೊಂಡೇ.

"ಯಾವ ಟೆಲಿಫೋನ್ ಅಮ್ಮ?"

"ನಮ್ಮ ಮೈಕಣ್ಣನ ಅತ್ತೆ. ಕರೆಂಟು ಹೊಡೆದು ಹೋದ್ರು."

"ಛೆ, ಪಾಪ" ಎಂದರು ಅತ್ತೆ. ಆಮೇಲೆ ಸ್ವಲ್ಪ ಯೋಚಿಸಿದರು. ಮೈಕಣ್ಣನಿಗೆ ತಾವಲ್ಲದೆ ಬೇರೆ ಅತ್ತೆ ಇದ್ದಂತೆ ಅವರಿಗೆ ನೆನಪಿರಲಿಲ್ಲ.

ವೇದಿಕೆಯ ಮೇಲೆ ಮೈಕಣ್ಣ ಒಂದು ಕಣ್ಣು ತೆರೆದು, ಮೌನ ಹೇಗೆ ನಡೆಯುತ್ತಿದೆ ಎಂದು ನೋಡಿದ. ಹಿಂದಿನ ಸಾಲಿನಲ್ಲಿ ಅತ್ತೆ ನಿಂತಿದ್ದರು. ಅವರ ಪಕ್ಕ ಹೆಂಡತಿ ನಿಂತಿದ್ದಳು. ಹೆಂಡತಿ ತಲೆ ತಗ್ಗಿಸಿರಲಿಲ್ಲ. ಮೈಕಣ್ಣನ ಕೈಯಿಂದ ಮೈಕು ಜಾರಿ ಬಿದ್ದು ಸಭಾಂಗಣವೇ ಗುಡುಗಿತು. ಎಲ್ಲರೂ ಕಣ್ಣು ಬಿಟ್ಟರು, ಅವನು ನೋಡುತ್ತಿದ್ದ ಕಡೆ ತಿರುಗಿದರು. ಹಾಲಿನವನು ಕುರ್ಚಿಗೆ ಎಡವಿ ಅದರ ಸಮೇತ ಮಗುಚಿದ. ಟೈಲರಕ್ಕನ ಬಾಯಿಂದ ಹೊರಟ ಮೊದಲ ಮಾತು, ಹಗ್ಗದ ವಿಷಯ ನಾನು ದುಃಖದಲ್ಲಿ ಅಂದದ್ದು ಎಂಬುದು. ಗುಮಾಸ್ತರು ಮಾತ್ರ, ಓಟಿನ ವಿಷಯದಲ್ಲಿ ತಮ್ಮ ಅನುಮಾನ ಸರಿಯಾಗಿಯೇ ಇತ್ತು ಎಂದು ಮ್ಯಾನೇಜರಿಗೆ ಹೇಳಿದರು. ಲೈಬ್ರರಿ ಮೇಡಂ ಫೋಟೋ ನೋಡಿದರು, ಅತ್ತೆಯನ್ನು ನೋಡಿದರು, ಮೆಲ್ಲಗೆ ಹೋಗಿ ಹೂವು ತೆಗೆದು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

ಅಧ್ಯಕ್ಷರು ಮೈಕು ಎತ್ತಿಕೊಂಡು ಗುಡುಗಿದರು. ಇದು ಚರಿತ್ರೆಗೆ ಬಗೆದ ದ್ರೋಹ, ನಿಯಮದ ಪ್ರಕಾರ ಬದುಕಿರುವವರ ಕಥೆ ಹೇಳುವಂತಿಲ್ಲ, ಆದ್ದರಿಂದ ಈ ಕಥೆ ರದ್ದು, ಈ ಮಹಿಳೆಯೂ ರದ್ದು ಎಂದರು.

ಅತ್ತೆ ಸಾಲುಗಳ ನಡುವೆ ನಡೆದು ಬಂದರು. ಅಧ್ಯಕ್ಷರ ಮುಖ ನೋಡದೆ ಕಿವಿಯನ್ನು ಅವರ ಕಡೆ ತಿರುಗಿಸಿ ನಿಂತರು.

"ಇನ್ನೊಂದು ಸಲ ಮಾತಾಡಿ" ಎಂದರು.

"ಏನು ಮಾತಾಡ್ಬೇಕು?" ಎಂದು ಅಧ್ಯಕ್ಷರು ಸಿಡುಕಿದರು.

"ಹಾ, ಗೊತ್ತಾಯ್ತು. ಹೊಳೆದಂಡೆ ಬೀದಿ, ಮೂಲೆ ಮನೆ. 'ಯಾರ್ರೀ ಅದು, ರಾಂಗ್ ನಂಬರ್' ಅಂತ ಬೈದು ಇಟ್ಟುಬಿಟ್ರಿ. ಮತ್ತೆ ಮಾಡಿದೆ, ಮತ್ತೆ ಬೈದ್ರಿ. ಆಮೇಲೆ ನಾನೇ ನಿಮ್ಮನ್ನ ಬೈದೆ. 'ಬಾಗಿಲು ತೆಗೆದು ನೋಡಿ, ನೀರು ಮೆಟ್ಟಿಲು ಹತ್ತಿದೆ' ಅಂದೆ. ಆಗ ಎದ್ರಿ."

ಸಭೆ ಬೆರಗಾಗಿ ಅಧ್ಯಕ್ಷರನ್ನು ನೋಡಿತು. ಅಧ್ಯಕ್ಷರು ಗಾಳಿಯ ವಾಸನೆ ನೋಡುವವರಂತೆ ಮೂಗು ಅರಳಿಸಿದರು, ಏನೂ ಸಿಗದೆ ಕೂತುಬಿಟ್ಟರು.

ಅತ್ತೆ ಮೈಕು ತೆಗೆದುಕೊಂಡರು. ಎಕ್ಸ್‌ಚೇಂಜಿನಲ್ಲಿ ದುಡಿದ ಧ್ವನಿ ಅದು, ಏರಿಸುವ ಅಗತ್ಯವೇ ಬೀಳಲಿಲ್ಲ.

"ನಮ್ಮ ಅಳಿಯಂದಿರು ಹೇಳಿದ್ದು ನನಗೂ ಹೊಸದು. ಈಜೋಕೆ ನನಗೆ ಬರೋದಿಲ್ಲ. ತಂತಿ ಗಿಂತಿ ನಾನು ಮುಟ್ಟಲೂ ಇಲ್ಲ. ನೀರು ಒಳಗೆ ಬಂತು, ಮಿಕ್ಕವರು ಹೋದ್ರು. ನಾನು ಕಾಲು ಸ್ಟೂಲಿನ ಮೇಲಿಟ್ಟುಕೊಂಡು ಕೂತೆ. ಹೊಳೆ ಪಕ್ಕ ಎಷ್ಟು ಫೋನಿದ್ವೋ ಅಷ್ಟಕ್ಕೂ ಒಂದೊಂದಾಗಿ ರಿಂಗ್ ಮಾಡಿದೆ. 'ಮಕ್ಕಳನ್ನ ಎತ್ಕೊಳ್ಳಿ, ಗುಡ್ಡ ಹತ್ತಿ, ಪಕ್ಕದ ಮನೆಯವರಿಗೂ ಹೇಳಿ' ಅಂದೆ. ಅಷ್ಟೇ ಕಥೆ. ಆಮೇಲೆ ದೋಣಿ ತಂದವರಿಗೆ ಪದಕ ಕೊಟ್ರು. ಫೋನ್ ಮಾಡಿದ್ದು ಯಾರು ಅಂತ ಯಾರೂ ಕೇಳ್ಲಿಲ್ಲ. ಟೆಲಿಫೋನು ತಾನಾಗೇ ಮಾತಾಡ್ತು ಅಂದ್ಕೊಂಡ್ರೋ ಏನೋ."

ಟೈಲರಕ್ಕ ಈ ಸಲ ಸದ್ದಿಲ್ಲದೆ ಅತ್ತಳು. ಅವಳ ತವರು ಹೊಳೆದಂಡೆ ಬೀದಿಯಲ್ಲೇ ಇತ್ತು. ಅಂದು ಗುಡ್ಡಕ್ಕೆ ಹೊತ್ತೊಯ್ದ ಮಕ್ಕಳಲ್ಲಿ ಅವಳೂ ಒಬ್ಬಳು.

ಲೈಬ್ರರಿ ಮೇಡಂ, ನೀವು ಇಲ್ಲಿಗೆ ಬಂದದ್ದು ಹೇಗೆ, ಪೋಸ್ಟರು ನೋಡಿದಿರಾ ಎಂದು ಕೇಳಿದರು.

"ಯಾವ ಪೋಸ್ಟರು? ಬಸ್ಸಿಳಿದ್ವಿ, ಮೈಕಲ್ಲಿ ಬೇರೆ ಯಾರದೋ ಧ್ವನಿ ಬರ್ತಿತ್ತು. ಇವರು ಹುಷಾರಿಲ್ಲದೆ ಮಲಗಿದ್ದಾರೇನೋ ಅಂತ ಎದೆ ಧಸಕ್ಕಂತು. ಮನೇಲೂ ಇರಲಿಲ್ಲ. ಲೈಬ್ರರೀಲಿ ಜನ ಸೇರಿದ್ದು ಕಂಡು ಇಲ್ಲಿಗೇ ಹುಡುಕ್ಕೊಂಡು ಬಂದ್ವಿ." ಅತ್ತೆ ಅಳಿಯನ ಕಡೆ ತಿರುಗಿದರು. "ನನ್ನ ಕೋಣೆ ಕಿಟಕಿಗೆ ನಿಮ್ಮ ಮೈಕು ಚೆನ್ನಾಗಿ ಕೇಳ್ಸುತ್ತೆ ಅಳಿಯಂದಿರೇ. ದಿನಾ ಕೂತು ಕೇಳ್ತೀನಿ. ಆ ಹೋಗಿ ಬನ್ನಿ ಅನ್ನೋ ಮಾತು ನನಗೆ ಬಹಳ ಇಷ್ಟ. ಹೋಗಿದ್ದೆ, ಬಂದೆ. ನೋಡಿದ್ರೆ ಕಳಿಸಿದವರೇ ಇಲ್ಲ."

ಸತ್ತ ಅತ್ತೆ ಸಭೆಯಲ್ಲಿ ಕಂಡಾಗಲೂ ಮೈಕಣ್ಣನಿಗೆ ಇಷ್ಟು ಆಘಾತವಾಗಿರಲಿಲ್ಲ. ಆ ಸಾಲನ್ನು ಒಂದು ಜೀವ ಕೇಳಿದೆ. ದಿನವೂ ಕೇಳಿದೆ, ಎಂಜಿನ್ನಿನ ಸದ್ದು ದಾಟಿ, ಗೋಡೆ ದಾಟಿ, ಕೊನೆಯವರೆಗೂ ಕೇಳಿದೆ. ಆ ಜೀವ ತನ್ನ ಕಥೆ ಹೇಳಲು ಬಾಯಿ ತೆರೆದಾಗಲೆಲ್ಲ ತಾನು ಕೈತೊಳೆಯಲು ಎದ್ದಿದ್ದೇನೆ. ಅವನಿಗೆ ನಾಚಿಕೆಯಾಯಿತು, ಅಳುವೂ ಬಂತು.

ಅಧ್ಯಕ್ಷರು ಕೂತಲ್ಲಿಂದಲೇ, ನಿಯಮಕ್ಕೆ ಈಗಿಂದೀಗ ತಿದ್ದುಪಡಿ ಮಾಡಲಾಗಿದೆ, ಬದುಕಿರುವವರೂ ಚರಿತ್ರೆಗೆ ಸೇರಬಹುದು ಎಂದು ಸಾರಿದರು. ಉಳಿದ ಫೋನುಗಳ ಕಥೆ ಹೊರಬರುವುದಕ್ಕೆ ಮೊದಲೇ ಸಭೆ ಮುಗಿದರೆ ಸಾಕಾಗಿತ್ತು ಅವರಿಗೆ. ಮೈಕಣ್ಣನೇ ನಾಲ್ಕು ಮಾತಾಡಿ ಮುಗಿಸಲಿ ಎಂದರು.

ಅತ್ತೆ ಮೈಕನ್ನು ಅಳಿಯನ ಕೈಗೆ ಕೊಟ್ಟು ಮುಂದಿನ ಸಾಲಿನಲ್ಲಿ ಕೂತರು. ಮ್ಯಾನೇಜರು ಎದ್ದು ಜಾಗ ಬಿಟ್ಟಿದ್ದರು. ತುಂಬಿದ ಸಭೆ, ಎಲ್ಲರೂ ಕೂತಿದ್ದಾರೆ, ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು. ಜೀವಮಾನವೆಲ್ಲ ಕಾದದ್ದು ಇದಕ್ಕೇ. ಮೈಕಣ್ಣ ಬಾಯಿ ತೆರೆದ. ಅವನಿಗೆ ಬಂದದ್ದು ಒಂದೇ ಸಾಲು.

"ಹೋಗಿ ಬನ್ನಿ, ನಿಮ್ಮ ಪ್ರಯಾಣ ಸುಖವಾಗಿರಲಿ."

ಒಬ್ಬರೂ ಏಳಲಿಲ್ಲ. ಮಾತು ಸಭಾಂಗಣದ ಕೊನೆಯ ಗೋಡೆಯವರೆಗೆ ಹೋಗಿ ನಿಂತಿತು.

"ಆಯ್ತು ಅಳಿಯಂದಿರೇ" ಎಂದರು ಅತ್ತೆ, ದಿನವೂ ಕಿಟಕಿಯಲ್ಲಿ ಕೂತು ಹೇಳುತ್ತಿದ್ದಂತೆ.

ಹಿಂದಿನ ಸಾಲಿನಲ್ಲಿ ಹೆಂಡತಿ ಎರಡೂ ಚೀಲಗಳನ್ನು ಕೈಗೆತ್ತಿಕೊಂಡಳು. ಸಭೆಗೆ ಬಂದಾಗಿನಿಂದ ಅವಳು ಬಾಯಿಬಿಟ್ಟಿದ್ದು ಆಗಲೇ.

"ಮೊದಲು ಮನೆಗೆ ಬನ್ನಿ. ನಿಮ್ಮ ಪ್ರಯಾಣ ಹೇಗಿರುತ್ತೆ ಅಂತ ನಾನು ಹೇಳ್ತೀನಿ."